ಸುಣ್ಣದ ಲೆಕ್ಕ: ರಾಸಾಯನಿಕ ಸಮೀಕರಣ ಮತ್ತು ಶಕ್ತಿಯ ಕೊಡುಕೊಳ್ಳುವಿಕೆ

(ಮಂಗಳೂರಿನ ಕದ್ರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ರಸಾಯನ ವಿಜ್ಞಾನದ ಆರಂಭದ ಪಾಠವೊಂದನ್ನು ಕನ್ನಡದಲ್ಲಿ ಹೇಳಬೇಕೆಂದು ಸಂಘಟಕರು ಕೇಳಿಕೊಂಡರು. ಕನ್ನಡದಲ್ಲಿ ವಿಜ್ಞಾನ ಹೇಳುವ ಕೆಲಸಕ್ಕೆ ನೂರು ವರ್ಷ ದಾಟಿದ ಪರಂಪರೆಯಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ನಮ್ಮದೇ ಜಿಲ್ಲೆಯ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಕೊಟ್ಟರು. ಆ ಹಿರಿಯರು ಹಾಕಿಕೊಟ್ಟ ದಾರಿಯಲ್ಲಿ ನಾಲ್ಕು ಹೆಜ್ಜೆ ಇಡುವುದಷ್ಟೇ ಇಂದಿನ ನನ್ನ ಉದ್ದೇಶ.

ವಿಷಯ ರಾಸಾಯನಿಕ ಸಮೀಕರಣ ಮತ್ತು ಕ್ರಿಯೆಗಳಲ್ಲಿ ಶಕ್ತಿಯ ಬದಲಾವಣೆ. ಹತ್ತನೆಯ ತರಗತಿಯ ಮಕ್ಕಳು ವರ್ಷದ ಮೊದಲ ತಿಂಗಳಲ್ಲೇ ಎದುರಿಸುವ ಪಾಠ ಇದು. ಅನೇಕರು ಇದನ್ನು ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ನಾನು ಇಂದು ಹೇಳಬೇಕೆಂದಿರುವ ಮಾತು ಒಂದೇ. ಸಮೀಕರಣವೆಂದರೆ ಎರಡು ಕಲಮುಗಳಿರುವ ಲೆಕ್ಕದ ಪುಸ್ತಕ. ಒಂದು ಕಲಮಿನಲ್ಲಿ ಪರಮಾಣುಗಳ ಜಮಾ-ಖರ್ಚು, ಇನ್ನೊಂದರಲ್ಲಿ ಶಕ್ತಿಯ ಜಮಾ-ಖರ್ಚು. ಎರಡೂ ಕಲಮು ತಾಳೆಯಾದಾಗ ಮಾತ್ರ ಕ್ರಿಯೆ ನಮಗೆ ಅರ್ಥವಾಗಿದೆ ಎನ್ನಬಹುದು.

ಉಪನ್ಯಾಸವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು, ರಾಸಾಯನಿಕ ಕ್ರಿಯೆ ಯಾವುದು, ಯಾವುದು ಅಲ್ಲ ಎಂಬುದು. ಎರಡನೆಯದು, ನಮ್ಮ ಕರಾವಳಿಯ ಚಿಪ್ಪು ಸುಣ್ಣದ ಮೂರು ಸಮೀಕರಣಗಳು. ಇದೇ ಇಂದಿನ ಮಾತಿನ ಮುಖ್ಯ ಭಾಗ. ಮೂರನೆಯದು, ಅಡಿಕೆ ತೋಟದ ಬೋರ್ಡೋ ದ್ರಾವಣ. ನಾಲ್ಕನೆಯದು, ಪಣಂಬೂರಿನ ಗೊಬ್ಬರ ಕಾರ್ಖಾನೆಯ ಅಮೋನಿಯಾ. ಕಿವಿಯಿಂದ ಕೇಳುವವರಿಗೆ ಅನುಕೂಲವಾಗಲೆಂದು ಸಂಕೇತಾಕ್ಷರಗಳನ್ನು ಬಿಟ್ಟು ವಸ್ತುಗಳ ಹೆಸರಿನಲ್ಲೇ ಸಮೀಕರಣ ಹೇಳುತ್ತೇನೆ. ಅಚ್ಚಿನಲ್ಲೂ ಹಾಗೆಯೇ ಇರಲಿ.

ಕರಗುವುದು ಬೇರೆ, ಬದಲಾಗುವುದು ಬೇರೆ

ಮೊದಲ ಭಾಗವನ್ನು ಕದ್ರಿಯಿಂದಲೇ ಆರಂಭಿಸೋಣ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೀವೆಲ್ಲ ನೋಡಿದ್ದೀರಿ. ಮೂರು ಮುಖ, ಆರು ಕೈ. ಪೀಠದ ಶಾಸನದಲ್ಲಿ ಅಳುಪ ಅರಸ ಕುಂದವರ್ಮನ ಹೆಸರಿದೆ. ವಿಗ್ರಹಕ್ಕೆ ಸುಮಾರು ಸಾವಿರ ವರ್ಷದ ವಯಸ್ಸು. ದಕ್ಷಿಣ ಭಾರತದ ಶ್ರೇಷ್ಠ ಕಂಚಿನ ಶಿಲ್ಪಗಳ ಸಾಲಿನಲ್ಲಿ ವಿದ್ವಾಂಸರು ಅದನ್ನು ಇಡುತ್ತಾರೆ.

ರಸಾಯನ ವಿಜ್ಞಾನದ ವಿದ್ಯಾರ್ಥಿ ಈ ವಿಗ್ರಹದ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಇದು: ಇದನ್ನು ಎರಕ ಹೊಯ್ದಾಗ ರಾಸಾಯನಿಕ ಕ್ರಿಯೆ ನಡೆಯಿತೇ? ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತವರ ಬೆರೆತರೆ ಅದಕ್ಕಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಅಷ್ಟು ಬಿಸಿ ಕೊಟ್ಟು ಅಚ್ಚಿಗೆ ಸುರಿದು ತಣಿಸಿದರೂ ಮೂಲತಃ ತಾಮ್ರ ತಾಮ್ರವಾಗಿಯೇ, ತವರ ತವರವಾಗಿಯೇ ಉಳಿಯುತ್ತವೆ. ಇದು ಭೌತ ಬದಲಾವಣೆ. ಎರಕದವರ ಕೈಗೆ ತಾಮ್ರ ಬರುವುದಕ್ಕೂ ಮೊದಲು, ಎಲ್ಲೋ ಒಂದು ಕುಲುಮೆಯಲ್ಲಿ, ಅದಿರನ್ನು ಇದ್ದಲಿನೊಂದಿಗೆ ಕಾಯಿಸಿದ್ದರಲ್ಲ, ಅಲ್ಲಿ ನಡೆದದ್ದು ರಾಸಾಯನಿಕ ಕ್ರಿಯೆ:

ತಾಮ್ರದ ಆಕ್ಸೈಡ್ + ಕಾರ್ಬನ್ ಮೊನಾಕ್ಸೈಡ್ → ತಾಮ್ರ + ಕಾರ್ಬನ್ ಡೈಆಕ್ಸೈಡ್

ಬಾಣದ ಎಡಗಡೆಯ ವಸ್ತುಗಳು ಪ್ರತಿವರ್ತಕಗಳು, ಬಲಗಡೆಯವು ಉತ್ಪನ್ನಗಳು. ಆಕ್ಸಿಜನ್ ತಾಮ್ರವನ್ನು ಬಿಟ್ಟು ಕಾರ್ಬನ್ ಕಡೆಗೆ ಹೋಯಿತು. ಪುಡಿ ಅದಿರು ಹೋಗಿ ಹೊಳೆಯುವ ಲೋಹ ಬಂತು. ಪರಮಾಣುಗಳ ಜೊತೆಗಾರಿಕೆ ಬದಲಾದರೆ ಅದು ರಾಸಾಯನಿಕ ಕ್ರಿಯೆ. ಆಕಾರ, ಸ್ಥಿತಿ ಮಾತ್ರ ಬದಲಾದರೆ ಅಲ್ಲ.

ಕ್ರಿಯೆ ನಡೆದಿದೆ ಎಂದು ತಿಳಿಯುವುದು ಹೇಗೆ? ಬಣ್ಣ ಬದಲಾಗಬಹುದು, ಅನಿಲ ಹೊರಬರಬಹುದು, ತಿಳಿಯಾದ ದ್ರಾವಣದಲ್ಲಿ ಗಸಿ ಕೂರಬಹುದು, ಬಿಸಿ ಅಥವಾ ತಂಪು ಹುಟ್ಟಬಹುದು. ನಮ್ಮ ಶುಭಕಾರ್ಯಗಳಲ್ಲಿ ಕುರುದಿ ನೀರು ಮಾಡುತ್ತಾರೆ. ಅರಸಿನ ಕಲಸಿದ ಹಳದಿ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ರಕ್ತಗೆಂಪು ಬರುತ್ತದೆ. ಅರಸಿನದ ಬಣ್ಣವಾದ ಕರ್ಕ್ಯುಮಿನ್ ಸುಣ್ಣದ ಕ್ಷಾರದೊಂದಿಗೆ ವರ್ತಿಸಿದ್ದರ ಗುರುತು ಅದು. ಅದೇ ನೀರಿಗೆ ಲಿಂಬೆಹುಳಿ ಹಿಂಡಿದರೆ ಹಳದಿ ಮರಳುತ್ತದೆ. ಇದು ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ.

ಸುಣ್ಣದ ಮಾತು ಬಂದದ್ದರಿಂದ ಎರಡನೆಯ ಭಾಗಕ್ಕೆ ಹೋಗೋಣ.

ಚಿಪ್ಪಿನಿಂದ ಸುಣ್ಣ, ಸುಣ್ಣದಿಂದ ಗೋಡೆ

ನೇತ್ರಾವತಿ, ಫಲ್ಗುಣಿ ಹೊಳೆಗಳು ಸಮುದ್ರ ಸೇರುವಲ್ಲಿ ಮರುವಾಯಿ ಸಿಗುತ್ತದೆ. ಒಳಗಿನದು ಅಡುಗೆಗೆ ಹೋದರೆ ಹೊರಗಿನ ಚಿಪ್ಪು ಸುಣ್ಣದ ಗೂಡಿಗೆ ಹೋಗುತ್ತಿತ್ತು. ಸುಣ್ಣದ ಕಲ್ಲಿನ ಗಣಿ ಹತ್ತಿರದಲ್ಲಿಲ್ಲದ ನಮ್ಮ ಕರಾವಳಿಗೆ ಚಿಪ್ಪೇ ಸುಣ್ಣದ ಕಲ್ಲು. ಎಲೆ ಅಡಿಕೆಯ ಸುಣ್ಣ, ಮುರಕಲ್ಲಿನ ಗೋಡೆಯ ಗಾರೆ, ಗೋಡೆಗೆ ಬಳಿಯುವ ಬಿಳಿ ಸುಣ್ಣ, ಎಲ್ಲಕ್ಕೂ ಮೂಲ ಇದೇ ಚಿಪ್ಪು. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್.

ಗೂಡಿನಲ್ಲಿ ಚಿಪ್ಪನ್ನೂ ಇದ್ದಲನ್ನೂ ಪದರ ಪದರವಾಗಿ ಹಾಕಿ ಬೆಂಕಿ ಕೊಡುತ್ತಾರೆ. ಸುಮಾರು 900 ಡಿಗ್ರಿ ಮುಟ್ಟಿದಾಗ ಮೊದಲ ಸಮೀಕರಣ ಜರುಗುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಮೊದಲ ಕಲಮು, ಪರಮಾಣುಗಳದ್ದು, ತೆರೆದು ನೋಡೋಣ. ಎಡಗಡೆ ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್, ಒಟ್ಟು ಐದು ಪರಮಾಣುಗಳು. ಬಲಗಡೆ ಕ್ಯಾಲ್ಸಿಯಂ ಆಕ್ಸೈಡಿನಲ್ಲಿ ಎರಡು, ಕಾರ್ಬನ್ ಡೈಆಕ್ಸೈಡಿನಲ್ಲಿ ಮೂರು, ಒಟ್ಟು ಐದು. ಒಂದೂ ಹುಟ್ಟಲಿಲ್ಲ, ಒಂದೂ ಕಳೆಯಲಿಲ್ಲ. ಇದು ಸರಿದೂಗಿಸಿದ ಸಮೀಕರಣ.

ಪರಮಾಣುಗಳನ್ನು ಕಣ್ಣಿಂದ ಎಣಿಸಲಾಗದು, ತಕ್ಕಡಿಯಲ್ಲಿ ತೂಗಬಹುದು. ವಿಜ್ಞಾನಿಗಳು ಕಣಗಳನ್ನು ‘ಮೋಲ್’ ಎಂಬ ದೊಡ್ಡ ಎಣಿಕೆಯಲ್ಲಿ ಹಿಡಿಯುತ್ತಾರೆ. ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ 100 ಗ್ರಾಂ ತೂಗುತ್ತದೆ. ಅದು ಪೂರ್ತಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, 44 ಗ್ರಾಂ ಅನಿಲವಾಗಿ ಹೋಗುತ್ತದೆ. ಕ್ವಿಂಟಾಲ್ ಚಿಪ್ಪು ಹಾಕಿದವನಿಗೆ ಹೆಚ್ಚೆಂದರೆ 56 ಕಿಲೋ ಸುಣ್ಣ. ಉಳಿದದ್ದನ್ನು ಯಾರೂ ಕದ್ದಿಲ್ಲ, ಅದು ಗಾಳಿಗೆ ಸೇರಿದೆ.

ಈ ತೂಕದ ನಷ್ಟದ ಬೆನ್ನು ಹತ್ತಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಮೆಗ್ನೀಷಿಯ ಮತ್ತು ಸುಣ್ಣದ ಮೇಲಿನ ಅವರ ಪ್ರಯೋಗಗಳು 1756ರಲ್ಲಿ ಅಚ್ಚಾದವು. ಘನವಸ್ತುವಿನೊಳಗೆ ಒಂದು ಬಗೆಯ ಗಾಳಿ ಬಂಧಿಯಾಗಿರುತ್ತದೆ, ಕಾಯಿಸಿದಾಗ ಹೊರಬರುತ್ತದೆ ಎಂದು ಅವರು ತಕ್ಕಡಿ ಹಿಡಿದು ತೋರಿಸಿದರು. ಇಂದು ನಾವು ಕಾರ್ಬನ್ ಡೈಆಕ್ಸೈಡ್ ಎನ್ನುವುದು ಅದನ್ನೇ. ಮುಂದೆ ಫ್ರಾನ್ಸಿನ ಲವಾಸಿಯೆ, ಕ್ರಿಯೆಯ ಮೊದಲೂ ನಂತರವೂ ಒಟ್ಟು ತೂಕ ಒಂದೇ ಎಂಬ ನಿಯಮವನ್ನು ರಸಾಯನ ವಿಜ್ಞಾನದ ಅಡಿಪಾಯವನ್ನಾಗಿ ಮಾಡಿದರು. ಸಮೀಕರಣವನ್ನು ಸರಿದೂಗಿಸಬೇಕು ಎಂದು ಮೇಷ್ಟ್ರು ಒತ್ತಾಯಿಸುವುದರ ಹಿಂದೆ ಇರುವುದು ಈ ನಿಯಮ.

ಈಗ ಎರಡನೆಯ ಕಲಮು, ಶಕ್ತಿಯದ್ದು. ಗೂಡಿಗೆ ಇದ್ದಲು ಯಾಕೆ ಬೇಕು? ಚಿಪ್ಪನ್ನು ಅಷ್ಟು ಬಿಸಿ ಮಾಡುವುದಕ್ಕಷ್ಟೇ ಅಲ್ಲ, ಅದನ್ನು ಒಡೆಯುವುದಕ್ಕೂ ಶಾಖ ಖರ್ಚಾಗುತ್ತದೆ. ಒಂದು ಮೋಲ್, ಅಂದರೆ 100 ಗ್ರಾಂ ಕಾರ್ಬೊನೇಟ್ ವಿಭಜನೆಯಾಗಲು ಸುಮಾರು 178 ಕಿಲೋಜೂಲ್ ಬೇಕು:

ಕ್ಯಾಲ್ಸಿಯಂ ಕಾರ್ಬೊನೇಟ್ + 178 ಕಿಲೋಜೂಲ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಹೀಗೆ ಶಾಖವನ್ನು ಹೀರಿಕೊಂಡು ನಡೆಯುವುದು ಅಂತರುಷ್ಣಕ ಕ್ರಿಯೆ. ಈ ಶಾಖ ಕೊಡುವುದು ಇದ್ದಲು. ಒಂದು ಮೋಲ್ ಕಾರ್ಬನ್, ಅಂದರೆ 12 ಗ್ರಾಂ, ಪೂರ್ತಿ ಉರಿದರೆ ಸುಮಾರು 394 ಕಿಲೋಜೂಲ್ ಹೊರಬರುತ್ತದೆ. ಹೀಗೆ ಶಾಖವನ್ನು ಹೊರಗೆ ಕೊಡುವುದು ಬಹಿರುಷ್ಣಕ ಕ್ರಿಯೆ. ಒಂದೇ ಗೂಡಿನಲ್ಲಿ ಒಂದು ಕ್ರಿಯೆ ಕೊಡುತ್ತದೆ, ಇನ್ನೊಂದು ಪಡೆಯುತ್ತದೆ. ಕಾಗದದ ಮೇಲಿನ ಲೆಕ್ಕದಲ್ಲಿ 12 ಗ್ರಾಂ ಇದ್ದಲು 200 ಗ್ರಾಂ ಚಿಪ್ಪಿಗೆ ಸಾಕು. ನಿಜದ ಗೂಡಿನಲ್ಲಿ ಗೋಡೆಗೆ, ಹೊಗೆಗೆ, ಗಾಳಿಗೆ ಹೋಗುವ ಬಿಸಿಯ ಪಾಲು ದೊಡ್ಡದಾದ್ದರಿಂದ ಅದಕ್ಕಿಂತ ಎಷ್ಟೋ ಹೆಚ್ಚು ಬೇಕಾಗುತ್ತದೆ.

ಎರಡನೆಯ ಸಮೀಕರಣ ಸುಣ್ಣ ಅರಳುವುದು. ಗೂಡಿನಿಂದ ತೆಗೆದ ಚಿಪ್ಪು ನೋಡಲು ಚಿಪ್ಪಿನಂತೆಯೇ ಇರುತ್ತದೆ, ಕೈಗೆ ಮಾತ್ರ ಹಗುರ. ಅದಕ್ಕೆ ನೀರು ಚಿಮುಕಿಸಿದರೆ ಮೊದಲು ಸುಮ್ಮನೆ ಹೀರಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅಲ್ಲಲ್ಲಿ ಸೀಳು ಬಿಡುತ್ತದೆ, ಚುಂಯ್ಯೆಂದು ಹಬೆ ಏಳುತ್ತದೆ, ಚಿಪ್ಪು ಉಬ್ಬಿ ಬಿರಿದು ಬಿಳಿ ಹಿಟ್ಟಾಗಿ ಕುಸಿಯುತ್ತದೆ. ಕೆಳಗೆ ಒಲೆ ಇಲ್ಲ, ಬೆಂಕಿ ಇಲ್ಲ. ಶಾಖ ಬಂದದ್ದು ಕ್ರಿಯೆಯಿಂದಲೇ:

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + 65 ಕಿಲೋಜೂಲ್

56 ಗ್ರಾಂ ಸುಣ್ಣಕ್ಕೆ 18 ಗ್ರಾಂ ನೀರು ಸೇರಿ 74 ಗ್ರಾಂ ಅರಳಿದ ಸುಣ್ಣವಾಯಿತು. ಶಾಖದ ಪ್ರಮಾಣ ಅಂದಾಜಿಗೆ ಬರಲೆಂದು ಹೇಳುತ್ತೇನೆ: ಒಂದು ಕಿಲೋ ಶುದ್ಧ ಸುಟ್ಟ ಸುಣ್ಣ ಅರಳುವಾಗ ಹೊರಡುವ ಶಾಖ, ಒಂದಿಷ್ಟೂ ಪೋಲಾಗದಿದ್ದರೆ, ನಮ್ಮೂರ ಬಾವಿಯ ಮೂರೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಸುಟ್ಟ ಸುಣ್ಣವನ್ನು ಒದ್ದೆ ಕೈಯಿಂದ ಮುಟ್ಟಬಾರದು, ಅರಳಿಸುವಾಗ ಮಕ್ಕಳನ್ನು ಹತ್ತಿರ ಬಿಡಬಾರದು ಎಂದು ಹಿರಿಯರು ಗದರುವುದು ಇದಕ್ಕೇ. ಕಣ್ಣಿಗೆ ಹಾರಿದರೆ ಬಿಸಿಯೂ ಕ್ಷಾರವೂ ಒಟ್ಟಿಗೆ ಸುಡುತ್ತವೆ.

ಮೂರನೆಯ ಸಮೀಕರಣ ಗೋಡೆಯ ಮೇಲೆ ನಡೆಯುವುದು. ಅರಳಿದ ಸುಣ್ಣದ ಗಾರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಗಟ್ಟಿಯಾಗುತ್ತದೆ:

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು + 113 ಕಿಲೋಜೂಲ್

ಶಾಲೆಯ ಪ್ರಯೋಗಾಲಯದಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದಾಗ ನೀರು ಹಾಲಿನಂತಾಗುವುದೂ ಇದೇ ಕ್ರಿಯೆ. ಇದರ ಸೊಗಸಾದ ಉದಾಹರಣೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿದೆ. ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಅಲ್ಲಿ ಚಿತ್ರ ಬರೆದರು. ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಗೋಡೆಯ ಚಿತ್ರಗಳು ಫ್ರೆಸ್ಕೊ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ. ಬಣ್ಣ ಹಿಡಿದಿಡಲು ಅಂಟಿಲ್ಲ, ಎಣ್ಣೆಯಿಲ್ಲ. ಗಾರೆ ಒಣಗುವ ಮೊದಲೇ ಚಿತ್ರ ಮುಗಿಯಬೇಕು, ಆದ್ದರಿಂದ ಒಂದು ದಿನಕ್ಕೆ ಮುಗಿಸಬಲ್ಲಷ್ಟೇ ಗಾರೆ ಮೆತ್ತುವುದು ಫ್ರೆಸ್ಕೊ ಕಲಾವಿದರ ಕ್ರಮ. ಆಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಬಂದು ಸುಣ್ಣವನ್ನು ಕಾರ್ಬೊನೇಟ್ ಮಾಡುತ್ತದೆ, ಬಣ್ಣದ ಕಣಗಳು ಆ ಹರಳುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಚಿತ್ರ ಗೋಡೆಯ ಭಾಗವೇ ಆಗಿಬಿಡುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಕೇಳಬಹುದು: ಅರಳುವಾಗ ಬರುವುದು 65, ಗಟ್ಟಿಯಾಗುವಾಗ 113. ಹೆಚ್ಚು ಶಾಖ ಬರುವ ಗೋಡೆ ಯಾಕೆ ಬಿಸಿಯಾಗುವುದಿಲ್ಲ? ಒಳ್ಳೆಯ ಪ್ರಶ್ನೆ. ಅರಳುವುದು ನಿಮಿಷಗಳ ಕೆಲಸ. ಗಾರೆ ಗಟ್ಟಿಯಾಗುವುದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತದೆ. ಹುಟ್ಟಿದ ಶಾಖ ಹುಟ್ಟಿದಂತೆಯೇ ಗಾಳಿಗೆ ಹೋಗುತ್ತದೆ. ಒಂದು ಕ್ರಿಯೆ ಎಷ್ಟು ಶಾಖ ಕೊಡುತ್ತದೆ ಎಂಬುದು ಒಂದು ಮಾತು, ಎಷ್ಟು ವೇಗವಾಗಿ ಕೊಡುತ್ತದೆ ಎಂಬುದು ಬೇರೆಯೇ ಮಾತು. ಸಮೀಕರಣ ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ಹೇಳುವುದಿಲ್ಲ.

ಈಗ ಮೂರೂ ಸಮೀಕರಣಗಳನ್ನು ಒಟ್ಟಿಗೆ ಇಡಿ. ಕಾರ್ಬೊನೇಟಿನಿಂದ ಹೊರಟು ಕಾರ್ಬೊನೇಟಿಗೇ ಬಂದಿದ್ದೇವೆ. ಕಾರ್ಬನ್ ಡೈಆಕ್ಸೈಡ್ ಹೋಗಿತ್ತು, ಅಷ್ಟೇ ಬಂತು. ನೀರು ಸೇರಿತ್ತು, ಅಷ್ಟೇ ಹೊರಬಂತು. ಶಕ್ತಿಯ ಕಲಮು ನೋಡಿ: ಖರ್ಚು 178, ವಾಪಸು ಬಂದದ್ದು 65 ಮತ್ತು 113, ಕೂಡಿದರೆ 178. ಬಾಕಿ ಸೊನ್ನೆ. ಗೂಡಿನಲ್ಲಿ ಚಿಪ್ಪಿಗೆ ಕೊಟ್ಟ ಶಾಖವನ್ನು ಸುಣ್ಣ ಎರಡು ಕಂತಿನಲ್ಲಿ ತೀರಿಸಿದೆ, ಒಂದು ಅರಳುವ ಕುಣಿಯಲ್ಲಿ, ಇನ್ನೊಂದು ಗೋಡೆಯ ಮೇಲೆ.

ಇದು ಆಕಸ್ಮಿಕವಲ್ಲ. ಜಿನೀವಾದಲ್ಲಿ ಹುಟ್ಟಿ ರಷ್ಯಾದಲ್ಲಿ ಕೆಲಸ ಮಾಡಿದ ಜರ್ಮೇನ್ ಹೆಸ್ 1840ರಲ್ಲಿ ಈ ನಿಯಮವನ್ನು ಹೇಳಿದರು. ಆರಂಭದ ವಸ್ತು, ಕೊನೆಯ ವಸ್ತು ಒಂದೇ ಆಗಿದ್ದರೆ, ಯಾವ ದಾರಿಯಲ್ಲಿ ಹೋದರೂ, ಎಷ್ಟು ಹಂತದಲ್ಲಿ ಹೋದರೂ, ಒಟ್ಟು ಶಾಖದ ಬದಲಾವಣೆ ಅಷ್ಟೇ. ಹೊರಟಲ್ಲಿಗೇ ಮರಳಿದರೆ ಸೊನ್ನೆ. ನೇರವಾಗಿ ಅಳೆಯಲಾಗದ ಶಾಖವನ್ನು ಅಳೆಯಬಹುದಾದ ಹಂತಗಳಿಂದ ಲೆಕ್ಕ ಹಾಕುವುದು ಈ ನಿಯಮದ ಬಲದಿಂದಲೇ.

ಅಡಿಕೆಗೆ ಬಿಡುವ ಮದ್ದು

ಮೂರನೆಯ ಭಾಗಕ್ಕೆ ತೋಟಕ್ಕೆ ಹೋಗಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ, ಮಹಾಳಿ ಎಂದೂ ಕರೆಯುತ್ತಾರೆ. ಮಳೆ ಹಿಡಿಯುವ ಮೊದಲೊಮ್ಮೆ, ಒಂದೂವರೆ ತಿಂಗಳ ಬಳಿಕ ಇನ್ನೊಮ್ಮೆ ಮದ್ದು ಬಿಡುವುದು ನಮ್ಮ ಕೃಷಿಕರ ಪಂಚಾಂಗದಲ್ಲೇ ಸೇರಿಹೋಗಿದೆ. ಆ ಮದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ನಾಡಿನಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಪುಸ್ತಿಕೆ ಬರೆದರು, ಈ ದ್ರಾವಣದ ಬಳಕೆಯನ್ನು ಬೆಳೆಗಾರರಿಗೆ ಹೇಳಿಕೊಟ್ಟರು.

ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಎರಡನ್ನೂ ಬೇರೆ ಬೇರೆ ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾರೆ. ಸರಳಗೊಳಿಸಿ ಬರೆದರೆ:

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ತಾಮ್ರ ಮತ್ತು ಕ್ಯಾಲ್ಸಿಯಂ ತಮ್ಮ ಜೊತೆಗಾರರನ್ನು ಅದಲು ಬದಲು ಮಾಡಿಕೊಂಡವು. ಇದು ದ್ವಿಸ್ಥಾನಪಲ್ಲಟ ಕ್ರಿಯೆ. ಆಕಾಶನೀಲಿ ಬಣ್ಣದ ತಾಮ್ರದ ಹೈಡ್ರಾಕ್ಸೈಡ್ ನುಣ್ಣನೆಯ ಗಸಿಯಾಗಿ ತೇಲುತ್ತದೆ. ಅಡಿಕೆಯ ಗೊನೆಗೆ ಅಂಟಿ ಮಳೆಗೂ ತೊಳೆದುಹೋಗದೆ ಶಿಲೀಂಧ್ರವನ್ನು ತಡೆಯುವುದು ಆ ಗಸಿಯೇ.

ಇನ್ನು ಮುಂದಿನದು ಕೃಷಿಕರ ಸ್ವಂತ ಪ್ರಯೋಗಾಲಯ. ದ್ರಾವಣ ಹದವಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪಾಗಿಸಿದ ಕತ್ತಿಯ ಅಲಗನ್ನೋ ಚೂರಿಯನ್ನೋ ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಹೊರತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಲೇಪ ಕಾಣದಿದ್ದರೆ ಮದ್ದು ಸರಿಯಾಗಿದೆ. ಆ ಕೆಂಪು ಏನು?

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಅದು ತಾನು ದ್ರಾವಣಕ್ಕೆ ಹೋಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಇದು ಸ್ಥಾನಪಲ್ಲಟ ಕ್ರಿಯೆ. ಸುಣ್ಣದೊಂದಿಗೆ ವರ್ತಿಸದೆ ಉಳಿದ ತಾಮ್ರದ ಸಲ್ಫೇಟ್ ಇದ್ದರೆ ಮಾತ್ರ ಹೀಗಾಗುತ್ತದೆ. ಅಂಥ ದ್ರಾವಣ ಎಳೆಯ ಕಾಯಿಯನ್ನು, ಹಿಂಗಾರವನ್ನು ಸುಡುತ್ತದೆ. ಮದ್ದನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎಂಬ ಎಚ್ಚರಿಕೆಯ ಕಾರಣವೂ ಈ ಸಮೀಕರಣದಲ್ಲೇ ಇದೆ: ಡ್ರಮ್ಮು ಸವೆಯುತ್ತದೆ, ಮದ್ದಿನ ತಾಮ್ರ ಡ್ರಮ್ಮಿನ ಗೋಡೆಗೆ ಹೋಗುತ್ತದೆ.

ಶಕ್ತಿಯ ಕಲಮು ಇಲ್ಲೂ ಖಾಲಿಯಲ್ಲ. ಕಬ್ಬಿಣ ತಾಮ್ರವನ್ನು ಹೊರತಳ್ಳುವಾಗ ಒಂದು ಮೋಲಿಗೆ ಸುಮಾರು 150 ಕಿಲೋಜೂಲ್ ಹೊರಬರುತ್ತದೆ, ಸುಣ್ಣ ಅರಳುವುದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ. ಆದರೂ ಕೈಗೆ ಬಿಸಿ ತಿಳಿಯುವುದಿಲ್ಲ, ಏಕೆಂದರೆ ಅಲಗಿನ ಮೇಲೆ ಕೂತ ತಾಮ್ರ ಲೇಶಮಾತ್ರ, ಸುತ್ತ ಇರುವ ನೀರು ನೂರು ಲೀಟರ್. ಶಾಖ ಮತ್ತು ತಾಪ ಎರಡೂ ಒಂದೇ ಎಂದು ತಿಳಿದವರಿಗೆ ಈ ಉದಾಹರಣೆ ಸಾಕು.

ಪಣಂಬೂರಿನ ಅಮೋನಿಯಾ

ಇದುವರೆಗೆ ಶಾಖ ಎಷ್ಟು ಎಂದು ಹೇಳಿದೆ, ಅದು ಎಲ್ಲಿಂದ ಬರುತ್ತದೆ ಎಂದು ಹೇಳಲಿಲ್ಲ. ನಾಲ್ಕನೆಯ ಭಾಗದಲ್ಲಿ ಆ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ.

ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್, ಎಂಸಿಎಫ್, 1976ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿ ತಯಾರಾಗುವ ಮುಖ್ಯ ವಸ್ತು ಯೂರಿಯಾ, ಅದಕ್ಕೆ ಬೇಕಾದದ್ದು ಅಮೋನಿಯಾ. ಅಮೋನಿಯಾಕ್ಕೆ ಬೇಕಾದದ್ದು ನೈಟ್ರೋಜನ್ ಮತ್ತು ಹೈಡ್ರೋಜನ್. ನೈಟ್ರೋಜನ್ ಗಾಳಿಯಲ್ಲಿ ಶೇಕಡಾ 78ರಷ್ಟಿದೆ. ಹೈಡ್ರೋಜನ್‌ಗಾಗಿ ಮೊದಲು ನಾಫ್ತಾ ಬಳಸುತ್ತಿದ್ದರು. 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಕೊಳವೆಮಾರ್ಗ ಬಂದ ಮೇಲೆ ನೈಸರ್ಗಿಕ ಅನಿಲ ಬಂತು. 2021ರ ಜನವರಿ 5ರಂದು ಆ ಮಾರ್ಗ ರಾಷ್ಟ್ರಕ್ಕೆ ಸಮರ್ಪಣೆಯಾಯಿತು. ಅನಿಲದಲ್ಲಿರುವ ಮೀಥೇನ್ ಬಿಸಿ ಉಗಿಯೊಂದಿಗೆ ಸೇರಿದಾಗ ಹೈಡ್ರೋಜನ್ ಸಿಗುತ್ತದೆ. ಇದಕ್ಕೆ ಮೋಲಿಗೆ 206 ಕಿಲೋಜೂಲ್ ಕೊಡಬೇಕು, ಅಂದರೆ ಅಂತರುಷ್ಣಕ.

ಅಮೋನಿಯಾದ ಸಮೀಕರಣ ಬರೆಯೋಣ. ನೈಟ್ರೋಜನ್ ಅಣುವಿನಲ್ಲಿ ಎರಡು ಪರಮಾಣು, ಹೈಡ್ರೋಜನ್ ಅಣುವಿನಲ್ಲಿ ಎರಡು, ಅಮೋನಿಯಾದಲ್ಲಿ ಒಂದು ನೈಟ್ರೋಜನ್, ಮೂರು ಹೈಡ್ರೋಜನ್. ‘ನೈಟ್ರೋಜನ್ + ಹೈಡ್ರೋಜನ್ → ಅಮೋನಿಯಾ’ ಎಂದಷ್ಟೇ ಬರೆದರೆ ಲೆಕ್ಕ ತಪ್ಪುತ್ತದೆ. ಎಡಗಡೆ ಎರಡು ನೈಟ್ರೋಜನ್ ಇರುವುದರಿಂದ ಬಲಗಡೆ ಎರಡು ಅಮೋನಿಯಾ ಬೇಕು. ಆಗ ಬಲಗಡೆ ಆರು ಹೈಡ್ರೋಜನ್ ಪರಮಾಣು ಬಂದವು, ಎಡಗಡೆ ಮೂರು ಹೈಡ್ರೋಜನ್ ಅಣು ಬೇಕು:

1 ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯಾ + 92 ಕಿಲೋಜೂಲ್

ಸರಿದೂಗಿಸುವಾಗ ಅಣುಗಳ ಸಂಖ್ಯೆಯನ್ನು ಬದಲಿಸಬಹುದು, ಅಣುವಿನ ಒಳಗಿನ ಸಂಖ್ಯೆಯನ್ನು ಮುಟ್ಟಬಾರದು. ನೀರಿನ ಅಣುವಿಗೆ ಇನ್ನೊಂದು ಆಕ್ಸಿಜನ್ ಸೇರಿಸಿ ಬರೆದರೆ ಅದು ನೀರಾಗಿ ಉಳಿಯುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಉತ್ತರ ಪತ್ರಿಕೆಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು ಇದು.

ಈಗ 92 ಎಲ್ಲಿಂದ ಬಂತು ನೋಡಿ. ಪರಮಾಣುಗಳ ನಡುವಿನ ಬಂಧವನ್ನು ಮುರಿಯಲು ಶಕ್ತಿ ಕೊಡಬೇಕು, ಬಂಧ ಏರ್ಪಟ್ಟಾಗ ಶಕ್ತಿ ಹೊರಬರುತ್ತದೆ. ಈ ವಾಕ್ಯ ನೆನಪಿದ್ದರೆ ಇಡೀ ಪಾಠ ನೆನಪಿದ್ದಂತೆ. ನೈಟ್ರೋಜನ್ ಅಣುವಿನ ತ್ರಿಬಂಧವನ್ನು ಮುರಿಯಲು 945 ಕಿಲೋಜೂಲ್, ಹೈಡ್ರೋಜನ್ ಅಣು ಒಂದಕ್ಕೆ 436ರಂತೆ ಮೂರಕ್ಕೆ 1308. ಒಟ್ಟು ಖರ್ಚು 2253. ಎರಡು ಅಮೋನಿಯಾ ಅಣುಗಳಲ್ಲಿ ಆರು ನೈಟ್ರೋಜನ್–ಹೈಡ್ರೋಜನ್ ಬಂಧಗಳು, ಒಂದೊಂದಕ್ಕೆ ಸರಾಸರಿ 391ರಂತೆ ಒಟ್ಟು ಆದಾಯ 2346. ಉಳಿತಾಯ 93. ಅಳೆದು ಕಂಡದ್ದು 92. ಬಂಧಶಕ್ತಿ ಸರಾಸರಿ ಬೆಲೆಯಾದ್ದರಿಂದ ಆ ಒಂದರ ವ್ಯತ್ಯಾಸ.

ಶಾಖ ಕೊಡುವ ಕ್ರಿಯೆಯಾದರೆ ಗಾಳಿಯ ನೈಟ್ರೋಜನ್ ತಾನಾಗಿ ಹೈಡ್ರೋಜನ್ ಜೊತೆ ಯಾಕೆ ಸೇರುವುದಿಲ್ಲ? ಆದಾಯ ಬರುವ ಮೊದಲು ಖರ್ಚು ಮಾಡಬೇಕು, ಆ 945 ಬಹಳ ದೊಡ್ಡ ಖರ್ಚು. ಕ್ರಿಯೆ ಶುರುವಾಗಲು ಬೇಕಾದ ಈ ಆರಂಭದ ಶಕ್ತಿಗೆ ಸಕ್ರಿಯಣ ಶಕ್ತಿ ಎನ್ನುತ್ತಾರೆ. ಒಲೆಗೆ ಗ್ಯಾಸ್ ಬಿಟ್ಟರೂ ಕಿಡಿ ತಾಗುವ ತನಕ ಉರಿಯದಿರುವುದಕ್ಕೂ ಕಾರಣ ಇದೇ. ಜರ್ಮನಿಯ ಫ್ರಿಟ್ಜ್ ಹೇಬರ್ ಮತ್ತು ಕಾರ್ಲ್ ಬಾಷ್ ಕಬ್ಬಿಣದ ಕ್ರಿಯಾವರ್ಧಕ ಬಳಸಿ ಈ ತಡೆಯನ್ನು ತಗ್ಗಿಸಿದರು. ಕ್ರಿಯಾವರ್ಧಕವಿದ್ದರೂ 400ರಿಂದ 500 ಡಿಗ್ರಿ ತಾಪ, ವಾಯುಮಂಡಲದ ನೂರಾರು ಪಟ್ಟು ಒತ್ತಡ ಬೇಕು. 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಮೊದಲ ದೊಡ್ಡ ಕಾರ್ಖಾನೆ ಆರಂಭವಾಯಿತು. ಹೇಬರ್ ಅವರಿಗೆ 1918ರ, ಬಾಷ್ ಅವರಿಗೆ 1931ರ ನೊಬೆಲ್ ಬಂತು. ಕ್ರಿಯಾವರ್ಧಕ ದಾರಿಯನ್ನು ಸುಲಭ ಮಾಡುತ್ತದೆ, ಉಳಿತಾಯವನ್ನು ಹೆಚ್ಚಿಸುವುದಿಲ್ಲ. 92 ಯಾವಾಗಲೂ 92.

ಮುಂದೆ ಎರಡು ಅಮೋನಿಯಾ, ಒಂದು ಕಾರ್ಬನ್ ಡೈಆಕ್ಸೈಡ್ ಸೇರಿ ಯೂರಿಯಾ ಮತ್ತು ನೀರು ಆಗುತ್ತದೆ. ಹೈಡ್ರೋಜನ್ ತಯಾರಿಸುವಾಗ ಹುಟ್ಟಿದ ಕಾರ್ಬನ್ ಡೈಆಕ್ಸೈಡೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಯೂರಿಯಾದಲ್ಲಿ ನೈಟ್ರೋಜನ್ ಶೇಕಡಾ 46. ಹಾಗಾಗಿ ಸೊಸೈಟಿಯಿಂದ ಬರುವ 45 ಕಿಲೋ ಚೀಲದಲ್ಲಿ ನೈಟ್ರೋಜನ್ ಸುಮಾರು 20 ಕಿಲೋ 700 ಗ್ರಾಂ. ಮನೆಯಲ್ಲಿ ಯೂರಿಯಾ ಇದ್ದರೆ ಹಳೆಯ ಸ್ಟೀಲ್ ಲೋಟದ ನೀರಿಗೆ ಎರಡು ಚಮಚ ಹಾಕಿ ಕಲಕಿ, ಲೋಟ ಹೊರಗಿನಿಂದ ತಣ್ಣಗಾಗುವುದನ್ನು ಮುಟ್ಟಿ ನೋಡಿ. ಅದು ಕರಗುವಿಕೆ, ರಾಸಾಯನಿಕ ಕ್ರಿಯೆಯಲ್ಲ. ಆದರೂ ಶಾಖ ಒಳಗೆ ಹೋಗುವುದೆಂದರೆ ಏನೆಂದು ಕೈಗೇ ತಿಳಿಯುತ್ತದೆ. ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಕೊನೆಯ ಮಾತು

ನಾಲ್ಕೂ ಭಾಗಗಳನ್ನು ಹೇಳಿಯಾಯಿತು. ಈ ಎರಡು ಕಲಮಿನ ಲೆಕ್ಕ ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ. ಸಿಮೆಂಟ್ ತಯಾರಿಕೆಯ ಮೊದಲ ಹೆಜ್ಜೆಯೂ ಸುಣ್ಣದ ಕಲ್ಲು ಸುಡುವುದೇ. ಕಲಬುರಗಿ, ಬಾಗಲಕೋಟೆ ಜಿಲ್ಲೆಗಳ ಸಿಮೆಂಟ್ ಕಾರ್ಖಾನೆಗಳು ಅಲ್ಲಿರುವುದು ಆ ಕಲ್ಲಿಗಾಗಿ. ನೂರು ಕಿಲೋ ಕಲ್ಲಿನಿಂದ 44 ಕಿಲೋ ಕಾರ್ಬನ್ ಡೈಆಕ್ಸೈಡ್, ಅದರ ಮೇಲೆ ಇಂಧನದ್ದು ಬೇರೆ. ಜಗತ್ತಿನ ಮಾನವನಿರ್ಮಿತ ಕಾರ್ಬನ್ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಶೇಕಡಾ ಏಳೆಂಟರಷ್ಟಿದೆ. ಇಂಧನವನ್ನು ಸೌರಶಕ್ತಿಗೆ ಬದಲಿಸಿದರೂ ಕಲ್ಲಿನಿಂದಲೇ ಬರುವ ಆ 44 ಕಿಲೋ ತಪ್ಪುವುದಿಲ್ಲ. ಹವಾಮಾನದ ಚರ್ಚೆಯಲ್ಲಿ ಸಿಮೆಂಟ್ ಯಾಕೆ ಕಗ್ಗಂಟು ಎಂದು ಒಂದೇ ಒಂದು ಸಮೀಕರಣ ಬಲ್ಲ ಹತ್ತನೆಯ ತರಗತಿಯ ಹುಡುಗಿ ವಿವರಿಸಬಲ್ಲಳು.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಸಮೀಕರಣವನ್ನು ಹಲಗೆಯ ಮೇಲೆ ಬರೆಯುವ ಮೊದಲು ಮಕ್ಕಳ ಕೈಗೆ ಒಂದು ತಕ್ಕಡಿ, ಒಂದು ಥರ್ಮಾಮೀಟರ್ ಕೊಡಿ. ಸುಟ್ಟ ಸುಣ್ಣವನ್ನು ನೀವೇ ನಿಂತು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಅರಳಿಸಿ ತೋರಿಸಿ. ಎಷ್ಟು ತೂಗಿತು, ಎಷ್ಟು ಬಿಸಿಯಾಯಿತು ಎಂದು ಅವರೇ ಬರೆದುಕೊಳ್ಳಲಿ. ಬಾಣ ಹಾಕುವುದನ್ನು ಆಮೇಲೆ ಕಲಿಸಿ. ತಾನೇ ತೂಗಿ ಅಳೆದು ಬರೆದ ಸಮೀಕರಣವನ್ನು ಯಾವ ಮಗುವೂ ಮರೆಯುವುದಿಲ್ಲ.